ಬಿಳಿಯಮ್ಮನ ಎದೆಯ ಮೇಲಿನ ಮಸುಕು

ಸೆರ್ರಾಲ್ತಾ, 9 ಸೆಪ್ಟೆಂಬರ್ 1955

ಮಗಳು ನಜರೇನಾಳಿಗೆ ತಂದೆ ಎವಾರಿಸ್ತೊ ಬಾರ್ತೊಚ್ಚಿ ತಿಳಿಯಪಡಿಸುವುದು.

ಈಸ್ಟರ್ ಹಬ್ಬಕ್ಕೆ ನೀನು ಕಳಿಸಿದ ಕಾರ್ಡು ತಲುಪಿತ್ತು. ಅದರಲ್ಲಿ ಎರಡೇ ಸಾಲುಗಳಿದ್ದುದರಿಂದ ಉತ್ತರ ಬರೆಯುವುದು ತಡವಾಯಿತು. ಈಗ ಬರೆಯುತ್ತಿರುವುದು ಮನೆಯ ವಿಚಾರವಲ್ಲ, ಊರಿನ ವಿಚಾರ. ಆದಕಾರಣ ಇದನ್ನು ಮಗಳಾಗಿ ಓದದೆ, ಫ್ಲಾರೆನ್ಸಿನ ಚಿತ್ರಭಂಡಾರದಲ್ಲಿ ಜವಾಬ್ದಾರಿಯ ಹುದ್ದೆಯಲ್ಲಿರುವ ಒಬ್ಬ ಉದ್ಯೋಗಿಯಾಗಿ ಓದಬೇಕೆಂದು ಮೊದಲಿಗೇ ಕೋರುತ್ತೇನೆ.

ಬಿಳಿಯಮ್ಮ ಸಿಕ್ಕಿದ್ದಾಳೆ.

ಯುದ್ಧದ ಬೇಸಿಗೆಯಲ್ಲಿ ನಾವೆಲ್ಲ ಗುಡ್ಡದ ಗವಿಗಳಲ್ಲಿ ಅಡಗಿದ್ದಾಗ ಚರ್ಚಿನ ಪಕ್ಕಗುಡಿಯ ಚಾವಣಿಯ ಮೇಲೆ ಫಿರಂಗಿ ಗುಂಡು ಬಿದ್ದದ್ದನ್ನು ನಿನಗೆ ಬರೆದಿದ್ದೆ. ಹಿಂದಿರುಗಿದಾಗ ಸಮಾಧಿಯ ಕಲ್ಲುಪೆಟ್ಟಿಗೆ ಹಾಗೆಯೇ ಇದ್ದು, ಅದರ ಮೇಲೆ ನಾನೂರು ವರ್ಷಗಳಿಂದ ಮಲಗಿದ್ದ ಅಮೃತಶಿಲೆಯ ಹೆಂಗಸು ಮಾತ್ರ ಕಾಣೆಯಾಗಿದ್ದಳು. ಸೈನಿಕರು ಹೊತ್ತೊಯ್ದರೆಂದು ಊರು ನಂಬಿತು. ಅವಳು ಈಗ ಸ್ವಿಟ್ಜರ್ಲೆಂಡಿನ ಒಬ್ಬ ಹಳೆಯ ವಸ್ತುಗಳ ವ್ಯಾಪಾರಿಯ ವಶದಲ್ಲಿದ್ದಾಳೆ. ಅವನ ವಾದವೇನೆಂದರೆ, 1910ರಲ್ಲಿಯೇ ಅವನ ಅಜ್ಜ ನಮ್ಮ ಕೌಂಟ್ ತೆಬಾಲ್ದಿನಿಯಿಂದ ವಿಗ್ರಹವನ್ನು ಕೊಂಡನಂತೆ. ಇದು ಯುದ್ಧದ ಲೂಟಿಯೇ ಅಲ್ಲವಂತೆ. ಅಂಥ ಸ್ವತ್ತುಗಳನ್ನು ಮರಳಿ ತರಿಸುವ ರೋಮಿನ ಕಚೇರಿ ನಮ್ಮಿಂದ ಆಧಾರ ಕೇಳಿದೆ.

ಆಧಾರ ನಮ್ಮಲ್ಲಿದೆ. ಪಾದ್ರಿಮನೆಯ ಪೆಟ್ಟಿಗೆಯಲ್ಲಿ ಅಂಗೈ ಅಗಲದ ಒಂದು ಛಾಯಾಚಿತ್ರ ದೊರೆಯಿತು. ಕಬ್ಬಿಣದ ಕಂಬಿಬಾಗಿಲ ಹೊರಗಿನಿಂದ ತೆಗೆದದ್ದು. ಮೇಲೆ ಕಮಾನು, ಕಮಾನಿನಡಿ ಸಮಾಧಿ, ಸಮಾಧಿಯ ಮೇಲೆ ಕೈ ಜೋಡಿಸಿ ಮಲಗಿದ ಬಿಳಿಯಮ್ಮ. ಹಿಂಬದಿಯಲ್ಲಿ 'ಮಾರ್ಚ್ 1911' ಎಂದಿದೆ. 1910ರಲ್ಲಿ ಮಾರಾಟವಾದವಳು 1911ರಲ್ಲಿ ಇಲ್ಲಿ ಮಲಗಿರಲು ಹೇಗೆ ಸಾಧ್ಯ? ಆ ಛಾಯಾಗ್ರಾಹಕನ ಗಾಜಿನ ತಟ್ಟೆಗಳೆಲ್ಲ ನಿಮ್ಮ ಭಂಡಾರ ಸೇರಿವೆಯೆಂದು ವಿಚಾರಿಸಿ ತಿಳಿದಿದ್ದೇನೆ. ಮೂಲ ತಟ್ಟೆಯನ್ನು ಹುಡುಕಿ, ಅದು 1911ರದೆಂದೂ ಅದರಲ್ಲಿ ತಿದ್ದುಪಡಿ ಇಲ್ಲವೆಂದೂ ಎರಡು ಮಾತಿನ ದೃಢಪತ್ರ ಕಳಿಸುವುದು. ನವೆಂಬರ್ ಮಧ್ಯಕ್ಕೆ ಕಡತ ರೋಮಿಗೆ ಹೋಗಬೇಕು.

ಅರ್ಜಿಯನ್ನು ನಾನೇ ಬರೆದಿದ್ದೇನೆ. ನೋಟರಿ ಕಚೇರಿಯಲ್ಲಿ ಜೀವಮಾನವಿಡೀ ಅನ್ಯರ ಅರ್ಜಿಗಳನ್ನು ನಕಲು ಮಾಡಿದವನಿಗೆ ಊರೇ ಸಹಿ ಹಾಕಿದ ಅರ್ಜಿಯೊಂದನ್ನು ಸ್ವಂತವಾಗಿ ಬರೆಯುವ ಯೋಗ ಎಪ್ಪತ್ತರಲ್ಲಿ ಬಂತು. ಮೇಯರ್ ಕ್ವಿರೀನೊ ಅದನ್ನು ಊರಸಭೆಯಲ್ಲಿ ಓದಿಸಿ ಕೇಳಿ, "ಎವಾರಿಸ್ತಣ್ಣ, ಇದನ್ನ ಓದಿದ್ರೆ ಆ ಸ್ವಿಸ್ಸಿನವ್ನು ಅಮ್ಮನ್ನ ತಾನೇ ಹೆಗಲ ಮೇಲೆ ಹೊತ್ಕೊಂಡ್ ಬರ್ತಾನೆ ಬಿಡಿ" ಎಂದ. ಸಭೆ ನಕ್ಕಿತು. ಆದರೆ ಸಭೆಯ ಹಿಂದೆ ನಿಂತಿದ್ದ ಮೂವರು ಬಸುರಿಯರು ನಗಲಿಲ್ಲ. ಅಮ್ಮನ ಮೈಗೆ ಮುಟ್ಟಿಸಿದ ರಿಬ್ಬನ್ನನ್ನು ಸೊಂಟಕ್ಕೆ ಕಟ್ಟಿಕೊಳ್ಳದೆ ಈ ಊರಲ್ಲಿ ಯಾರೂ ಹೆರುತ್ತಿರಲಿಲ್ಲ. ಈಗ ಹನ್ನೊಂದು ವರ್ಷಗಳಿಂದ ಬರಿಗಲ್ಲಿಗೆ ಮುಟ್ಟಿಸಿಕೊಂಡು ಹೋಗುತ್ತಿದ್ದಾರೆ.

ಇಂತು,
ಎವಾರಿಸ್ತೊ ಬಾರ್ತೊಚ್ಚಿ,
ನಿವೃತ್ತ ಪ್ರಧಾನ ಲಿಪಿಕಾರ


ಫ್ಲಾರೆನ್ಸ್, 22 ಸೆಪ್ಟೆಂಬರ್ 1955

ಅಪ್ಪನಿಗೆ ನಜರೇನಾ ಬರೆಯುವುದು.

ತಟ್ಟೆ ಸಿಕ್ಕಿದೆ, ಒಡೆದಿಲ್ಲ. ಮೂಲೆಯಲ್ಲಿ ಛಾಯಾಗ್ರಾಹಕ ಸೂಜಿಯಿಂದ ಗೀರಿದ ತಾರೀಖೂ ಇದೆ, 1911ರ ಮಾರ್ಚ್. ಆ ಮಟ್ಟಿಗೆ ನೀವು ಹೇಳಿದ್ದು ಸರಿ.

ದೃಢಪತ್ರಕ್ಕೆ ಸಹಿ ಹಾಕುವ ಮುಂಚೆ ಕೆಲವು ವಿಷಯ ತಿಳಿಯಬೇಕು. ಆ ಪಕ್ಕಗುಡಿಯ ಕಂಬಿಬಾಗಿಲು ತೆಗೆಯುತ್ತಿದ್ದುದು ಸತ್ತವರ ಸ್ಮರಣೆಯ ದಿನ ಮಾತ್ರ ಎಂದು ನನ್ನ ನೆನಪು. ಸರಿಯೇ? ಅಂದೂ ಜನರನ್ನು ಒಳಗೆ ಬಿಡುತ್ತಿರಲಿಲ್ಲವಷ್ಟೇ? ಹೆಂಗಸರ ರಿಬ್ಬನ್ನುಗಳನ್ನು ಒಯ್ದು ಮುಟ್ಟಿಸುತ್ತಿದ್ದವನು ಯಾರು? ಗುಂಡು ಬಿದ್ದ ಮೇಲೆ ನೀವು ಗುಡ್ಡದಿಂದ ಇಳಿದು ಬಂದಾಗ ಗುಡಿಯ ನೆಲದ ಮೇಲೆ ಏನಿತ್ತು? ನೋಡಿದ್ದನ್ನು ನೋಡಿದ ಹಾಗೆಯೇ ಬರೆಯಿರಿ. ಅರ್ಜಿಯಲ್ಲಿ ಬರೆದ ಹಾಗೆ ಬೇಡ.

ಯಾಕೆ ಕೇಳುತ್ತಿದ್ದೇನೆಂದು ಈಗ ಹೇಳಲಾರೆ. ಇನ್ನೊಮ್ಮೆ ನೋಡಬೇಕು.

ಇಲ್ಲಿ ಸೆಖೆ ಇಳಿದಿದೆ. ಕಣ್ಣಿನ ಹನಿ ಬಿಟ್ಟುಕೊಳ್ಳುತ್ತಿದ್ದೀರೆಂದು ನಂಬಿದ್ದೇನೆ.

ನಜರೇನಾ


ಸೆರ್ರಾಲ್ತಾ, 28 ಸೆಪ್ಟೆಂಬರ್ 1955

ನಜರೇನಾಳಿಗೆ,

ನಾನು ಕೇಳಿದ್ದು ಎರಡು ಮಾತು, ನೀನು ಕಳಿಸಿದ್ದು ನಾಲ್ಕು ಪ್ರಶ್ನೆ. ಆದರೂ ಉತ್ತರಿಸುವುದು ನನ್ನ ರೂಢಿ.

ಕಂಬಿಬಾಗಿಲು ತೆರೆಯುತ್ತಿದ್ದುದು ವರ್ಷಕ್ಕೊಂದೇ ದಿನ. ಅದು ಕೌಂಟನ ಮನೆತನದ ಸ್ವಂತ ಗುಡಿಯಾದುದರಿಂದ ಒಳಗೆ ಹೋಗುತ್ತಿದ್ದವನು ಅವರ ಮನೆಯ ಆಳು ಮುದುಕ ಸಾನ್ತೆ ಒಬ್ಬನೇ. ಅಂದೇ ವರ್ಷಕ್ಕಾಗುವಷ್ಟು ರಿಬ್ಬನ್ನುಗಳನ್ನು ಮುಟ್ಟಿಸಿ ಕೊಡುತ್ತಿದ್ದವನೂ ಅವನೇ. ನಾವೆಲ್ಲ ಕಂಬಿಯಾಚೆಯಿಂದ ಮೇಣದ ದೀಪದ ಬೆಳಕಿನಲ್ಲಿ ನೋಡಿ ಕೈಮುಗಿದವರು. ಗುಂಡು ಬಿದ್ದ ಮೇಲೆ ನೆಲದ ಮೇಲೆ ಹೆಂಚು, ತೊಲೆ, ಗೋಡೆಯ ಸುಣ್ಣ ಇದ್ದವು. ಅಷ್ಟರಲ್ಲಿ ಮಳೆ ಬಂದು ಎಲ್ಲ ಕಲಸಿ ಮೊಣಕಾಲ ತನಕ ಬಿಳಿಯ ಕೆಸರಾಗಿತ್ತು. ಸಲಿಕೆಯಲ್ಲಿ ಬಾಚಿ ಇಳಿಜಾರಿಗೆ ಸುರಿದೆವು. ಗೋಡೆ ಕುಸಿದರೆ ಸುಣ್ಣವಲ್ಲದೆ ಇನ್ನೇನು ಬಿದ್ದೀತು?

ನಿನ್ನ ಪತ್ರ ಬಂದುದು ಊರಿಗೆಲ್ಲ ತಿಳಿಯಿತು. ಅಂಚೆಯವನ ಬಾಯಿ ನಿನಗೆ ಗೊತ್ತೇ ಇದೆ. ಕ್ಷೌರದಂಗಡಿಯಲ್ಲಿ ಗ್ವಾಲ್ತಿಯೇರೊ ನನ್ನ ಗಲ್ಲಕ್ಕೆ ಸಾಬೂನು ಹಚ್ಚಿ ನಿಲ್ಲಿಸಿ ವಿಚಾರಣೆ ಶುರುಮಾಡಿದ.

"ಏನಂತೆ ಮಗ್ಳು? ಸಹಿ ಹಾಕಿದ್ಲಾ?"

"ಪರಿಶೀಲಿಸ್ತಿದಾಳೆ."

"ಪರಿಶೀಲಿಸೋಕೆ ಅದೇನು ಹೆಣ್ಣು ನೋಡೋ ಶಾಸ್ತ್ರವಾ? ಫೋಟೊ ಇದೆ, ಅಮ್ಮ ಇದಾಳೆ, ಮುಗೀತು. ಊರು ಬಿಟ್ಟು ಹೋದವ್ರಿಗೆ ಊರು ಅಂದ್ರೆ ಅಷ್ಟೇ ಬಿಡಿ, ಎವಾರಿಸ್ತಣ್ಣ."

"ನೀನು ಕತ್ತಿ ಆಡಿಸು. ನಾಲಿಗೆ ಆಮೇಲೆ ಆಡಿಸುವೆಯಂತೆ."

ಹಾಗೆಂದು ಅವನ ಬಾಯಿ ಮುಚ್ಚಿಸಿದೆ. ಎಷ್ಟು ದಿನ ಮುಚ್ಚಿಸಲಿ? ಸಂಶಯವಿದ್ದರೆ ತಿಳಿಸು, ಇಲ್ಲವಾದರೆ ಸಹಿ ಮಾಡು. ಎರಡರ ನಡುವೆ ಪ್ರಶ್ನೆ ಕಳಿಸುತ್ತ ಕೂರುವುದು ಕಡತ ಎಳೆಯುವ ಗುಮಾಸ್ತರ ಚಾಳಿ, ನನ್ನ ಮಗಳದಾಗಬಾರದು.

ಇಂತು,
ಎವಾರಿಸ್ತೊ ಬಾರ್ತೊಚ್ಚಿ


ಫ್ಲಾರೆನ್ಸ್, 10 ಅಕ್ಟೋಬರ್ 1955

ಅಪ್ಪನಿಗೆ,

ಸಂಶಯವಿದ್ದರೆ ತಿಳಿಸು ಎಂದಿರಿ. ತಿಳಿಸುತ್ತೇನೆ. ಕೂತು ಓದಿ.

ಕತ್ತಲ ಗುಡಿಯೊಳಗೆ ಚಿತ್ರ ತೆಗೆಯಬೇಕಾದರೆ ಆ ಕಾಲದಲ್ಲಿ ತಟ್ಟೆಯನ್ನು ಬಹಳ ಹೊತ್ತು ಬೆಳಕಿಗೆ ಒಡ್ಡಿ ಕಾಯಬೇಕಿತ್ತು. ಅಷ್ಟು ಹೊತ್ತಿನಲ್ಲಿ ಅಲುಗದೆ ಇದ್ದದ್ದು ಕೆತ್ತಿದಷ್ಟು ಸ್ಪಷ್ಟವಾಗಿ ಮೂಡುತ್ತದೆ, ಅಲುಗಿದ್ದು ಮಸುಕಾಗುತ್ತದೆ. ನಿಮ್ಮ ಕೈಯಲ್ಲಿರುವ ಪುಟ್ಟ ಪ್ರತಿಯಲ್ಲಿ ಇದು ಕಾಣುವುದಿಲ್ಲ. ತಟ್ಟೆಯ ಮೇಲೆ ಮಸೂರ ಇಟ್ಟರೆ ಕಮಾನಿನ ಹೂಬಳ್ಳಿಯ ಒಂದೊಂದು ಎಸಳನ್ನೂ ಎಣಿಸಬಹುದು. ಸಮಾಧಿಯ ಶಾಸನದ ಅಕ್ಷರಗಳನ್ನು ಓದಬಹುದು. ಬಿಳಿಯಮ್ಮನ ಪಾದ ಸ್ಪಷ್ಟ, ಹಣೆ ಸ್ಪಷ್ಟ. ಆದರೆ ಎದೆಯ ಮೇಲೆ ಜೋಡಿಸಿದ ಕೈಗಳಿಗೆ ಎರಡೆರಡು ಅಂಚುಗಳಿವೆ. ಕೊರಳಿನಿಂದ ಸೊಂಟದ ತನಕ ಬಟ್ಟೆಯ ನೆರಿಗೆಗಳು ನೀರಿನಲ್ಲಿ ಕಂಡ ಹಾಗಿವೆ.

ಕಲ್ಲು ಉಸಿರಾಡುವುದಿಲ್ಲ, ಅಪ್ಪ.

ಅಲ್ಲಿ ಮಲಗಿರುವುದು ಜೀವಂತ ಹೆಂಗಸು. ಮುಖಕ್ಕೂ ಕೈಗೂ ಸುಣ್ಣ ಬಳಿದಿದ್ದಾರೆ, ಬಟ್ಟೆಯನ್ನು ಸುಣ್ಣದ ತಿಳಿಯಲ್ಲಿ ಅದ್ದಿ ನೆರಿಗೆ ಕೂರಿಸಿದ್ದಾರೆ. ಹಳೆಯ ಶಿಲ್ಪಗಳ ಪಟ್ಟಿಯನ್ನು ಚಿತ್ರಸಮೇತ ಸಲ್ಲಿಸಬೇಕೆಂದು ಆ ವರ್ಷಗಳಲ್ಲಿ ಸರ್ಕಾರ ಎಲ್ಲ ಮನೆತನಗಳನ್ನೂ ಕೇಳಿತ್ತು. ಕೌಂಟ್ ಅಷ್ಟರಲ್ಲಿ ವಿಗ್ರಹವನ್ನು ಮಾರಿಕೊಂಡಿರಬೇಕು. ಮಾರಿದ ಜಾಗಕ್ಕೆ ಸುಣ್ಣದಂಥ ಬಿಳಿ ಜಿಪ್ಸಮ್ಮಿನ ನಕಲು ಬಂದದ್ದು ಆಮೇಲೆ. ನೀವು ಸಲಿಕೆಯಿಂದ ಬಾಚಿದ ಬಿಳಿಯ ಕೆಸರು ಅದೇ ಇರಬೇಕು ಎಂದು ನನ್ನ ಊಹೆ. ನಕಲು ಸಿದ್ಧವಾಗುವ ಮುಂಚೆ ಚಿತ್ರ ಬೇಕಾಯಿತು. ಯಾರನ್ನೋ ಮಲಗಿಸಿದರು.

ಊಹೆಯನ್ನು ಬಿಟ್ಟುಬಿಡಿ. ಮಸುಕು ಊಹೆಯಲ್ಲ. ಈ ಚಿತ್ರವನ್ನು ಆಧಾರವಾಗಿ ಕೊಟ್ಟರೆ ನಾವು ಸುಳ್ಳನ್ನು ಆಧಾರವಾಗಿ ಕೊಟ್ಟ ಹಾಗೆ. ನಾನು ಸಹಿ ಹಾಕಲಾರೆ.

ನಜರೇನಾ


ಸೆರ್ರಾಲ್ತಾ, 14 ಅಕ್ಟೋಬರ್ 1955

ನಜರೇನಾಳಿಗೆ,

ನಿನ್ನ ಪತ್ರವನ್ನು ಓದಿ ಒಲೆಗೆ ಹಾಕಿದ್ದೇನೆ. ಬೇರೊಬ್ಬರ ಕಣ್ಣಿಗೆ ಬೀಳದಿರಲಿ ಎಂಬುದೊಂದೇ ಕಾರಣ.

ಮಸುಕಂತೆ. ಈ ಊರಿನ ಹೆಂಗಸರು ತಲೆತಲಾಂತರದಿಂದ ನಂಬಿದ್ದು ಮಸುಕು. ನಾನು ಮೂರು ತಿಂಗಳು ಕೂತು ಬರೆದದ್ದು ಮಸುಕು. ಗಾಜಿನ ಮೇಲೆ ನಿನಗೆ ಕಂಡ ಕಲೆಯೊಂದೇ ಸ್ಪಷ್ಟ. ಹಳೆಯ ತಟ್ಟೆಗಳ ಮೇಲೆ ತೇವ ಕೂರುವುದಿಲ್ಲವೇ? ಛಾಯಾಗ್ರಾಹಕನ ಪೆಟ್ಟಿಗೆ ಅಲುಗಿರಬಾರದೇ?

ಅದಿರಲಿ. ನೀನು ಹೇಳಿದ್ದೆಲ್ಲ ನಿಜವೆಂದೇ ಇಟ್ಟುಕೊಳ್ಳೋಣ. ಅರ್ಜಿ ಬರೆಯುವವನು ಮೊದಲು ಕಲಿಯುವ ಪಾಠವೊಂದಿದೆ: ಕೇಳಿದ್ದಕ್ಕೆ ಉತ್ತರಿಸಬೇಕು, ಕೇಳದ್ದನ್ನು ಹೇಳಬಾರದು. ತಟ್ಟೆ 1911ರದೇ? ಹೌದು. ಅದನ್ನು ತಿದ್ದಲಾಗಿದೆಯೇ? ಇಲ್ಲ. ಈ ಎರಡರಲ್ಲಿ ಸುಳ್ಳು ಯಾವುದು? ಮಲಗಿದವರು ಯಾರೆಂದು ರೋಮು ನಿನ್ನನ್ನು ಕೇಳಿಲ್ಲ. ಮೋಸ ಮಾಡಿದ ಕೌಂಟ್ ಮಣ್ಣಾದ, ಅವನ ಆಳೂ ಮಣ್ಣಾದ. ಅವರ ಪಾಪಕ್ಕೆ ಈಗಿನ ಬಸುರಿಯರು ಬರಿಗಲ್ಲು ಮುಟ್ಟಬೇಕೇ? ಕದ್ದು ಮಾರಿದ್ದನ್ನು ಕದ್ದು ಕೊಂಡವನು ಇಟ್ಟುಕೊಳ್ಳುವುದು ನಿನ್ನ ನ್ಯಾಯವೇ?

ನಿನ್ನೆ ಮೇಯರ್ ಮನೆಗೇ ಬಂದ. ಟೋಪಿ ತೆಗೆಯದೆ ನಿಂತುಕೊಂಡು, "ನೋಡಿ ಎವಾರಿಸ್ತಣ್ಣ, ನಾನು ಸುತ್ತಿ ಬಳಸಿ ಮಾತಾಡೋನಲ್ಲ. ಇಷ್ಟು ಜನ ಸಹಿ ಹಾಕಿದಾರೆ, ನಿಮ್ ಮಗಳದೊಂದು ಸಹಿ ಬರ್ಲಿಲ್ಲ ಅಂದ್ರೆ ಊರು ಏನಂದ್ಕೊಳುತ್ತೆ? ತಾಯಿ ಅಮ್ಮನ ರಿಬ್ಬನ್ ಬ್ಯಾಡ ಅಂದ್ಲು, ಮಗ್ಳು ಅಮ್ಮನ್ನೇ ಬ್ಯಾಡ ಅಂದ್ಲು ಅಂತಾರೆ" ಎಂದ.

ನಾನು ಅವನಿಗೆ ಕುರ್ಚಿ ತೋರಿಸಲಿಲ್ಲ. ಆದರೆ ಅವನು ಹೇಳಿದ್ದನ್ನು ಅಲ್ಲಗಳೆಯುವ ಶಕ್ತಿ ನನಗೆ ಇರಲಿಲ್ಲ.

ದೃಢಪತ್ರ ಬಾರದಿದ್ದರೆ ಈ ಮನೆಗೆ ಬರುವ ಅಗತ್ಯವೂ ನಿನಗೆ ಇರುವುದಿಲ್ಲ. ಇದನ್ನು ಕೋಪದಲ್ಲಿ ಬರೆದದ್ದೆಂದು ತಿಳಿಯಬೇಡ. ಕರಡು ಮಾಡಿ, ತಿದ್ದಿ, ಮರುಪ್ರತಿ ತೆಗೆದು ಬರೆದಿದ್ದೇನೆ.

ಎವಾರಿಸ್ತೊ ಬಾರ್ತೊಚ್ಚಿ


ಫ್ಲಾರೆನ್ಸ್, 27 ಅಕ್ಟೋಬರ್ 1955

ಅಪ್ಪನಿಗೆ,

ಇದರೊಂದಿಗೆ ಎರಡು ವಸ್ತುಗಳಿವೆ.

ಮೊದಲನೆಯದು ದೃಢಪತ್ರ. ನೀವು ಕೇಳಿದ ಎರಡೇ ಮಾತುಗಳು. ತಟ್ಟೆ 1911ರದು, ತಿದ್ದಿಲ್ಲ. ಸಹಿ ಇದೆ, ಭಂಡಾರದ ಮೊಹರು ಇದೆ. ನೀವೆಂದ ಹಾಗೆ ಎರಡರಲ್ಲಿ ಒಂದೂ ಸುಳ್ಳಲ್ಲ. ಇದನ್ನು ಕಡತಕ್ಕೆ ಸೇರಿಸಿದರೆ ಬಿಳಿಯಮ್ಮ ಬರುತ್ತಾಳೆ. ರೋಮಿನವರು ಮಸೂರ ಇಟ್ಟು ನೋಡುವುದಿಲ್ಲ; ಅವರಿಗೂ ಅವಳು ಬರುವುದೇ ಬೇಕಾಗಿದೆ.

ಎರಡನೆಯದು ನಾನೇ ದೊಡ್ಡದು ಮಾಡಿ ತೆಗೆದ ಪ್ರತಿ, ತಲೆಯಿಂದ ಸೊಂಟದವರೆಗಿನ ಭಾಗ. ಇದನ್ನು ಯಾರಿಗೂ ತೋರಿಸಿಲ್ಲ. ಮೊದಲು ಇದನ್ನು ನೋಡಿ, ಆಮೇಲೆ ದೃಢಪತ್ರವನ್ನು ಕೊಡುವುದೋ ಬಿಡುವುದೋ ನೀವೇ ತೀರ್ಮಾನಿಸಿ. ಪೆಟ್ಟಿಗೆ ಅಲುಗಿದ್ದರೆ ಕಮಾನೂ ಅಲುಗುತ್ತಿತ್ತು. ತಲೆಗೆ ಸುತ್ತಿದ ಬಟ್ಟೆ ಜಾರಿ ಕಿವಿಯ ತುದಿ ಕಾಣುತ್ತಿದೆ, ಗಮನಿಸಿ. ಕಿವಿಯ ಹಾಲೆ ಎರಡಾಗಿ ಸೀಳಿದೆ. ಯಾವ ಶಿಲ್ಪಿಯೂ ಸತ್ತ ಒಡತಿಗೆ ಸೀಳುಗಿವಿ ಕೆತ್ತುವುದಿಲ್ಲ. ಯಾರೋ ಬಡವರ ಮನೆಯ ಹುಡುಗಿ. ಕೌಂಟನ ಅಡುಗೆಮನೆಯವಳೋ, ಹಿಟ್ಟಿನ ಗಿರಣಿಯವಳೋ.

ಮೇಯರ್ ಹೇಳಿದ ಮಾತನ್ನು ನನಗೆ ಬರೆದು ತಿಳಿಸಿದಿರಿ. ಹೊಸದೇನಲ್ಲ. ನನ್ನನ್ನು ಹೆತ್ತು ನನ್ನ ತಾಯಿ ಸತ್ತದ್ದು ರಿಬ್ಬನ್ ಬೇಡವೆಂದ ಅವಳ ಹಟದಿಂದ ಎಂದು ಜೆಲಿಂದಾ ಒಗೆಯುವ ಕಟ್ಟೆಯ ಮೇಲೆ ಕೂತು ನನ್ನೆದುರೇ ಹೇಳುತ್ತಿದ್ದಳು. ನಾನು ಅದನ್ನು ಕೇಳುತ್ತ ಬಟ್ಟೆ ಹಿಂಡಿದವಳು. ನೀವು ಒಂದು ದಿನವೂ ಹಾಗೆ ಅನ್ನಲಿಲ್ಲ. ಹಾಗಲ್ಲ ಎಂದೂ ಅನ್ನಲಿಲ್ಲ.

ನಜರೇನಾ


ಸೆರ್ರಾಲ್ತಾ, 3 ನವೆಂಬರ್ 1955

ನಜರೇನಾಳಿಗೆ,

ಎರಡೂ ತಲುಪಿವೆ.

ಒಂದು ವಿಷಯಕ್ಕೆ ಸ್ಪಷ್ಟ ಉತ್ತರ ಬೇಕು. ಗಾಜಿನ ತಟ್ಟೆಯನ್ನು ತಿರುವಿ ಪ್ರತಿ ತೆಗೆದರೆ ಎಡಕ್ಕಿದ್ದದ್ದು ಬಲಕ್ಕೆ ಬರುತ್ತದೆಂದು ಕೇಳಿದ್ದೇನೆ. ನೀನು ಕಳಿಸಿದ ಪ್ರತಿಯಲ್ಲಿ ಹಾಗೇನಾದರೂ ಆಗಿದೆಯೇ? ಸೀಳಿರುವುದು ಎಡಗಿವಿಯೇ ಎಂಬುದು ಖಚಿತವೇ? ತಾರೀಖಿನಲ್ಲಿ ತಪ್ಪಾಗಿರುವ ಸಾಧ್ಯತೆ ಇದೆಯೇ? ಐದಾರು ವರ್ಷ ಹಿಂದಿನದೋ ಮುಂದಿನದೋ ಆಗಿರಬಹುದೇ?

ನಿನ್ನೆ ಸತ್ತವರ ಸ್ಮರಣೆಯ ದಿನ. ಚರ್ಚಿಗೆ ಹೋಗಲಾಗಲಿಲ್ಲ. ಮೈ ಸರಿಯಿರಲಿಲ್ಲ.

ಎ. ಬಾರ್ತೊಚ್ಚಿ


ಫ್ಲಾರೆನ್ಸ್, 7 ನವೆಂಬರ್ 1955

ಅಪ್ಪನಿಗೆ,

ತಿರುವಿಲ್ಲ. ತಿರುವಿದ್ದರೆ ಸಮಾಧಿಯ ಶಾಸನ ಕನ್ನಡಿಯಲ್ಲಿ ಕಂಡಂತೆ ಇರುತ್ತಿತ್ತು; ನೇರವಾಗಿಯೇ ಇದೆ. ಎಡಗಿವಿಯೇ. ತಾರೀಖೂ ಸರಿಯೇ, ಅದೇ ವಾರದ ಬೇರೆ ತಟ್ಟೆಗಳ ಜೊತೆ ಹೋಲಿಸಿ ನೋಡಿದ್ದೇನೆ.

ಮೇಯರ್ ನಮ್ಮ ನಿರ್ದೇಶಕರಿಗೆ ಫೋನು ಮಾಡಿದ್ದರು. ದೃಢಪತ್ರ ಕಳಿಸಿ ಹತ್ತು ದಿನವಾಯಿತೆಂದು ನಾನು ಹೇಳಿದೆ. ಈಗ ಅವರಿಗೆ ಗೊತ್ತು, ಅದು ನಿಮ್ಮ ಬಳಿ ಇದೆ ಎಂದು. ನಿಮ್ಮನ್ನು ಸಿಕ್ಕಿಸಬೇಕೆಂದು ಹೇಳಿದ್ದಲ್ಲ. ನೇರವಾಗಿ ಕೇಳಿದರು, ಉತ್ತರಿಸಿದೆ.

ಅಪ್ಪ, ನೀವು ಚರ್ಚು ತಪ್ಪಿಸಿದ್ದನ್ನು ನಾನು ಕಂಡೇ ಇಲ್ಲ. ನಿಮಗೆ ಆ ಹುಡುಗಿ ಗೊತ್ತು. ಯಾರವಳು?

ನಜರೇನಾ


ಸೆರ್ರಾಲ್ತಾ, 12 ನವೆಂಬರ್ 1955

(ರೋಮಿನ ಕಚೇರಿಗೆ ಕಳಿಸಿದ ಅರ್ಜಿಯ ನಕಲು. ನಜರೇನಾಳ ಅವಗಾಹನೆಗಾಗಿ.)

ಯುದ್ಧಕಾಲದಲ್ಲಿ ಕಳೆದ ಕಲಾವಸ್ತುಗಳ ಮಾನ್ಯ ಅಧಿಕಾರಿಗಳ ಸನ್ನಿಧಾನಕ್ಕೆ,

ಸೆರ್ರಾಲ್ತಾ ಊರಿನ ನಿವಾಸಿ ಎವಾರಿಸ್ತೊ ಬಾರ್ತೊಚ್ಚಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಸದರಿ ಊರಿನ ಪರವಾಗಿ ತಮ್ಮಲ್ಲಿ ಸಲ್ಲಿಸಲಾಗುತ್ತಿರುವ ಅರ್ಜಿಯನ್ನು ಬರೆದವನು ನಾನು. ಅದರ ಮುಖ್ಯ ಆಧಾರವಾದ ಛಾಯಾಚಿತ್ರವು 1911ರದೆಂಬುದೂ ಅದನ್ನು ತಿದ್ದಿಲ್ಲವೆಂಬುದೂ ಸತ್ಯ. ಆದರೆ ಅದು ವಿಗ್ರಹದ ಚಿತ್ರವಲ್ಲ. ಚಿತ್ರದಲ್ಲಿ ಸಮಾಧಿಯ ಮೇಲೆ ಮಲಗಿರುವುದು ಎರ್ಸಿಲಿಯಾ ಎಂಬ ಹೆಸರಿನ, ಆ ಕಾಲಕ್ಕೆ ಇಪ್ಪತ್ತು ವರ್ಷ ವಯಸ್ಸಿನ, ಕೌಂಟ್ ತೆಬಾಲ್ದಿನಿಯವರ ಮನೆಯಲ್ಲಿ ಊಳಿಗದಲ್ಲಿದ್ದ ಹುಡುಗಿ. ಮರುವರ್ಷ ಆಕೆ ನನ್ನ ಹೆಂಡತಿಯಾದಳು. ಚಿಕ್ಕಂದಿನಲ್ಲಿ ಒಂದು ಹೆಬ್ಬಾತು ಓಲೆಯನ್ನು ಕಚ್ಚಿ ಎಳೆದುದರಿಂದ ಆಕೆಯ ಎಡಗಿವಿಯ ಹಾಲೆ ಸೀಳಿತ್ತು. ಆ ಗುರುತನ್ನು ದೊಡ್ಡ ಪ್ರತಿಯಲ್ಲಿ ನಾನು ಸ್ವತಃ ಕಂಡಿರುತ್ತೇನೆ.

ತನ್ನನ್ನು ಅಲ್ಲಿ ಮಲಗಿಸಿದವರ ಮಾತಿಗೆ ಕಟ್ಟುಬಿದ್ದು ಆಕೆ ಈ ಸಂಗತಿಯನ್ನು ಗಂಡನಾದ ನನಗೂ ತಿಳಿಸಲಿಲ್ಲ. ಆಕೆ ಮಾಡಿದ್ದು ಇಷ್ಟೇ: ಬಸುರಿಯಾದಾಗ ಆ ಗುಡಿಯ ರಿಬ್ಬನ್ ಕಟ್ಟಿಕೊಳ್ಳಲು ಒಪ್ಪಲಿಲ್ಲ. ಅಲ್ಲಿ ಬಿಳಿಯಮ್ಮನಿಲ್ಲವೆಂದು ಈ ಊರಿನಲ್ಲಿ ಬಲ್ಲ ಹೆಂಗಸು ಆಕೆಯೊಬ್ಬಳೇ. 1914ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಹಟದಿಂದ ಸತ್ತಳೆಂದು ಅಂದು ಆಡಿಕೊಂಡ ಮಾತು ಇಂದಿಗೂ ಈ ಊರಿನಲ್ಲಿ ಚಾಲ್ತಿಯಲ್ಲಿದೆ. ಆ ಮಾತು ಸುಳ್ಳೆಂದು ಈ ಮೂಲಕ ದಾಖಲಿಸಬೇಕಾಗಿ ಬೇಡಿಕೊಳ್ಳುತ್ತೇನೆ. ಇಂಥದನ್ನು ದಾಖಲಿಸುವ ಅಧಿಕಾರ ತಮ್ಮ ಕಚೇರಿಗೆ ಇಲ್ಲದಿರಬಹುದು; ಆದರೂ ಇದನ್ನು ಬರೆಯಲು ನನಗೆ ಬೇರೆ ಸ್ಥಳ ತಿಳಿಯದು.

ಸದರಿ ಛಾಯಾಚಿತ್ರವನ್ನು ಆಧಾರಗಳ ಪಟ್ಟಿಯಿಂದ ತೆಗೆದುಹಾಕಬೇಕಾಗಿ ಪ್ರಾರ್ಥನೆ.

ಎವಾರಿಸ್ತೊ ಬಾರ್ತೊಚ್ಚಿ


ಸೆರ್ರಾಲ್ತಾ, 21 ನವೆಂಬರ್ 1955

ಮಗಳು ನಜರೇನಾಳಿಗೆ,

ನಕಲು ಓದಿದ ಮೇಲೆ ನೀನು ತಂತಿ ಕಳಿಸಿದೆ. ಅದನ್ನು ಅಂಚೆಯವನು ನನಗಿಂತ ಮೊದಲು ಓದಿ, ಕೊಡುವಾಗ ಮುಖ ಬೇರೆ ಕಡೆ ತಿರುಗಿಸಿಕೊಂಡು ನಿಂತಿದ್ದ. ಅಲ್ಲಿಗೆ ಊರಿಗೆಲ್ಲ ತಿಳಿಯಿತೆಂದು ಲೆಕ್ಕ. ಆದರೆ ಅದಕ್ಕೂ ಮೊದಲೇ ನಾನು ಬಾಯಿಬಿಟ್ಟು ಹೇಳಬೇಕಾಗಿ ಬಂದಿತ್ತು.

ಅರ್ಜಿಯನ್ನು ಅಂಚೆಗೆ ಹಾಕಿ ಬಂದ ದಿನವೇ ಮೇಯರ್ ಕ್ವಿರೀನೊ ದೃಢಪತ್ರಕ್ಕೆಂದು ಬಂದಿದ್ದ, ಹಿಂದೆ ಗ್ವಾಲ್ತಿಯೇರೊ, ಜೆಲಿಂದಾ, ಇನ್ನೂ ಹತ್ತು ಮಂದಿ. ಅಡುಗೆಮನೆ ತುಂಬಿ ಕೆಲವರು ಮೆಟ್ಟಿಲ ಮೇಲೆ ನಿಂತರು.

"ಕೊಡಿ ಅಣ್ಣ ಕಾಗ್ದ. ಕಡತ ನಾಳೆ ಹೋಗ್ಬೇಕು."

"ಕೊಡೋಕಾಗಲ್ಲ. ಅದು ಅಮ್ಮನ ಫೋಟೊ ಅಲ್ಲ."

"ಮತ್ಯಾರದು, ನಿಮ್ ಹೆಂಡ್ತೀದಾ?" ಎಂದು ಗ್ವಾಲ್ತಿಯೇರೊ ಹಾಸ್ಯ ಮಾಡಿದ.

"ಹೌದು" ಎಂದೆ.

ಯಾರೂ ನಗಲಿಲ್ಲ. ನಾನು ದೊಡ್ಡ ಪ್ರತಿಯನ್ನು ಮೇಜಿನ ಮೇಲಿಟ್ಟು, ಕೌಂಟ್ ಅಮ್ಮನನ್ನು ಮಾರಿ ಆ ಜಾಗದಲ್ಲಿ ಸುಣ್ಣದ ನಕಲು ಇರಿಸಿದ್ದನ್ನು ಹೇಳಿದೆ. ಜೆಲಿಂದಾ ಕನ್ನಡಕ ಇಲ್ಲದೆ ಮೂಗು ತಾಗಿಸಿ ನೋಡಿದಳು. ಅವಳೂ ಎರ್ಸಿಲಿಯಾಳೂ ಒಂದೇ ಓಣಿಯವರು. ಆ ಹೆಬ್ಬಾತು ಜೆಲಿಂದಾಳ ಮನೆಯದೇ.

"ಅವ್ಳೇ" ಎಂದಳು. ಆಮೇಲೆ, "ಹಂಗಾದ್ರೆ ನಾನು ನನ್ನ ಐದು ಮಕ್ಕಳ್ನೂ ಸುಣ್ಣದ ಗೊಂಬೆಗೆ ಮುಟ್ಟಿಸಿದ ರಿಬ್ಬನ್ ಕಟ್ಕೊಂಡ್ ಹೆತ್ನಾ?"

"ಹೆತ್ತೆಯಲ್ಲ. ಐದೂ ಗಟ್ಟಿಯಾಗಿವೆ."

"ಅವ್ಳಿಗೆ ಗೊತ್ತಿತ್ತು. ಬಾಯಿ ಬಿಡ್ಲಿಲ್ಲ, ಕಳ್ಳರ ಜೊತೆ ಸೇರ್ಕೊಂಡ್ಲು."

"ಬಿಟ್ಟಿದ್ರೆ ನೀನು ನಂಬ್ತಿದ್ಯಾ, ಜೆಲಿಂದಾ?"

ಅವಳು ಪ್ರತಿಯನ್ನು ನನ್ನ ಕಡೆಗೆ ಸರಿಸಿದಳು. ಮೇಯರ್ ಮಾತ್ರ ಕಿರುಚದೆ, ತಗ್ಗಿದ ದನಿಯಲ್ಲಿ, ಅದೇ ಹೆಚ್ಚು ಭಯವಾಗುವ ಹಾಗೆ ಹೇಳಿದ: "ಎವಾರಿಸ್ತಣ್ಣ, ಈ ಮನೇಲಿ ಇರೋರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಕಾಗ್ದ ಕೊಡಿ, ಈ ಫೋಟೊ ಒಲೆಗೆ ಹಾಕಿ. ನಿಮ್ ಹೆಂಡ್ತಿ ಹೆಸ್ರೂ ಉಳಿಯುತ್ತೆ, ಅಮ್ಮನೂ ಬರ್ತಾಳೆ."

ಒಲೆ ಉರಿಯುತ್ತಲೇ ಇತ್ತು. ನಿನ್ನ ಪತ್ರವನ್ನು ನಾನು ಹಾಕಿದ್ದು ಅದೇ ಒಲೆಗೆ. ಅವನು ಪ್ರತಿಯ ಕಡೆ ಕೈ ಚಾಚಿದ. ನಾನು ಅದರ ಮೇಲೆ ಎರಡೂ ಕೈಯನ್ನು ಊರಿ ನಿಂತೆ. ಎಳೆದಾಡಿದ್ದರೆ ಹರಿಯುತ್ತಿತ್ತೋ ಏನೋ. ಜೆಲಿಂದಾ ನಡುವೆ ಬಂದು ಮೇಯರನ ತೋಳು ಹಿಡಿದು, "ಬಿಡು ಕ್ವಿರೀನೊ. ಇವ್ನು ರೋಮಿಗೆ ಆಗ್ಲೇ ಬರ್ದು ಹಾಕಿದಾನೆ, ಅವ್ನ ಮುಖ ನೋಡು, ಗೊತ್ತಾಗಲ್ವಾ" ಎಂದಳು. ಅವರು ಇಳಿದು ಹೋದರು. ಕೊನೆಯವನು ಬಾಗಿಲನ್ನು ಮುಚ್ಚದೆಯೇ ಹೋದ.

ಬಿಳಿಯಮ್ಮ ಬರುವುದಿಲ್ಲ. ರೋಮಿನಿಂದ ಮೂರು ಸಾಲಿನ ಉತ್ತರ ಬಂದಿದೆ; ಕಡತ ಮುಚ್ಚಲಾಗಿದೆಯಂತೆ. ನನ್ನ ಉಳಿದ ಬೇಡಿಕೆಯ ಬಗ್ಗೆ ಒಂದು ಶಬ್ದವೂ ಇಲ್ಲ. ಊರಿನಲ್ಲಿ ನನ್ನ ಜೊತೆ ಮಾತು ಬಿಟ್ಟವರು ಬಹಳ ಜನ. ಗ್ವಾಲ್ತಿಯೇರೊ ಕ್ಷೌರ ಮಾಡುತ್ತಾನೆ, ಮಾತಾಡುವುದಿಲ್ಲ. ಆ ಮಟ್ಟಿಗೆ ಲಾಭವೇ. ಒಗೆಯುವ ಕಟ್ಟೆಯ ಮೇಲೆ ಈಗ ಏನು ಹೇಳುತ್ತಾರೋ ತಿಳಿಯದು. ಹಳೆಯದನ್ನಂತೂ ಹೇಳಲಾರರು.

ಕ್ರಿಸ್ಮಸ್ಸಿಗೆ ಬರುತ್ತೇನೆಂದು ತಂತಿಯಲ್ಲಿ ಹೇಳಿದ್ದೀ. ಬಾ. ನಿನ್ನ ಕೋಣೆಯಲ್ಲಿ ಈರುಳ್ಳಿ ಹರಡಿದ್ದೇನೆ, ತೆಗೆಸುತ್ತೇನೆ.

ನಿನ್ನ ತಾಯಿ ಹೇಗಿದ್ದಳೆಂದು ಚಿಕ್ಕವಳಿದ್ದಾಗ ನೀನು ಕೇಳಿದ್ದೆ. ಸದ್ಗುಣಿ, ಮಿತಭಾಷಿ, ದೈವಭಕ್ತೆ ಎಂದು ನಾನು ಹೇಳಿದ್ದೆ. ಅದು ಯಾರ ಹೆಂಡತಿಗೂ ಹೊಂದುವ ಒಕ್ಕಣೆ. ಅವಳು ಮಿತಭಾಷಿಯಲ್ಲ. ಅವಳಿಗೆ ನಗು ತಡೆಯಲು ಬರುತ್ತಿರಲಿಲ್ಲ. ನಮ್ಮ ಮದುವೆಯ ದಿನ ಪಾದ್ರಿ ನಡುವೆ ಸೀನಿದರು. ನನ್ನ ಪಕ್ಕ ಮೊಣಕಾಲೂರಿದ್ದವಳ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ತುಟಿ ಮುಚ್ಚಿ, ಕಣ್ಣು ಮುಚ್ಚಿ, ಸದ್ದೇ ಇಲ್ಲದೆ ನಗುತ್ತಿದ್ದಳು. ಅವಳ ನಗು ಕೊರಳಿನಿಂದ ಕೆಳಗೆ ಮಾತ್ರ. ತಿಳಿಯದವರು ಎಷ್ಟು ಭಕ್ತಿ ಎಂದುಕೊಳ್ಳುತ್ತಿದ್ದರು.

ನೀನು ಆ ಮಸುಕನ್ನು ಉಸಿರು ಎಂದು ಬರೆದೆ. ನಿನ್ನ ವಿದ್ಯೆಗೆ ನಾನು ಎದುರಾಡುವುದಿಲ್ಲ. ಆದರೆ ಮೈಗೆಲ್ಲ ಸುಣ್ಣ ಬಳಿದುಕೊಂಡು, ಕೌಂಟನ ಮನೆತನದ ಹಳೆಯ ಒಡತಿಯ ಸಮಾಧಿಯ ಮೇಲೆ ಕೈ ಜೋಡಿಸಿ ಮಲಗಿ, ಕಂಬಿಯಾಚೆ ಕರಿಬಟ್ಟೆಯೊಳಗೆ ತಲೆ ತೂರಿಸಿದ ಒಬ್ಬ ಗಂಭೀರ ಮನುಷ್ಯ "ಅಲುಗಬೇಡಿ" ಅನ್ನುತ್ತಿರಲು, ಇಪ್ಪತ್ತು ವರ್ಷದ ಎರ್ಸಿಲಿಯಾ ಅಷ್ಟು ಹೊತ್ತೂ ಬರೀ ಉಸಿರಾಡಿಕೊಂಡಿದ್ದಳೆಂದು ನಾನು ನಂಬಲಾರೆ.

ಇಂತು,
ನಿನ್ನ ಅಪ್ಪ